ಪಾತ್ರದ ಬಾಯಿಗೆ ಪಾತ್ರದ ಮಾತು

ಹೊಸ ಕತೆಗಾರರ ಹಸ್ತಪ್ರತಿಯನ್ನು ಸಂಪಾದಕನಾಗಿ ಓದುವಾಗ ನಾನು ಕಥಾವಸ್ತುವಿಗಿಂತ ಮೊದಲು ಸಂಭಾಷಣೆಯನ್ನು ಗಮನಿಸುತ್ತೇನೆ. ನಿರೂಪಣೆಯಲ್ಲಿ ಊರು, ಮನೆ, ಮಳೆ ಎಲ್ಲವೂ ನಿಚ್ಚಳವಾಗಿದ್ದರೂ, ಕಲಬುರಗಿಯ ಅಜ್ಜಿಯೂ ಕುಂದಾಪುರದ ಮೀನುಗಾರನೂ ಬಾಯಿ ತೆರೆದೊಡನೆ ಒಂದೇ ಪಠ್ಯಪುಸ್ತಕದ ಕನ್ನಡವನ್ನು ಆಡತೊಡಗಿದರೆ ಓದುಗನ ನಂಬಿಕೆ ಅಲ್ಲಿಗೇ ಸಡಿಲವಾಗುತ್ತದೆ.

ಹಾಗೆಂದು ಉಚ್ಚಾರಣೆಯ ಪ್ರತಿಯೊಂದು ಏರಿಳಿತವನ್ನೂ ಅಕ್ಷರಕ್ಕೆ ಇಳಿಸಬೇಕಾಗಿಲ್ಲ; ಪದ ಪದವನ್ನೂ ಬಿಡಿಸಿಕೊಂಡು ಓದಬೇಕಾದಲ್ಲಿ ಕತೆ ಮುಂದೆ ಸಾಗುವುದಿಲ್ಲ. ಪ್ರಾದೇಶಿಕತೆ ಬಹುಮಟ್ಟಿಗೆ ಕ್ರಿಯಾಪದದ ಕೊನೆಯಲ್ಲಿ, ಸಂಬೋಧನೆಯಲ್ಲಿ, ವಾಕ್ಯದ ಲಯದಲ್ಲಿ ಕೇಳಿಸುತ್ತದೆ. ಧಾರವಾಡದ ಗೆಳೆಯ ‘ಏನಲೇ, ಏನ್ ಮಾಡಾಕತ್ತಿ’ ಎನ್ನುವಲ್ಲಿ ಮಂಡ್ಯದವನು ‘ಏನ್ಲಾ ಮಾಡ್ತಿದ್ದೀಯ’ ಎನ್ನುತ್ತಾನೆ. ಒಂದೇ ಮನೆಯೊಳಗೂ ಮಾತು ಒಂದೇ ಬಗೆಯಾಗಿರುವುದಿಲ್ಲ: ಅತ್ತೆಯೆದುರು ಅಳೆದು ಮಾತನಾಡುವ ಸೊಸೆ, ತವರಿನಿಂದ ಬಂದ ಅಣ್ಣನೊಡನೆ ಅಡುಗೆಮನೆಯಲ್ಲಿ ಆಡುವ ಮಾತಿನ ವೇಗವೇ ಬೇರೆ. ಈ ವ್ಯತ್ಯಾಸ ಸಿಕ್ಕಿದರೆ ಅವರ ಸಂಬಂಧಗಳನ್ನು ವಿವರಿಸುವ ಅರ್ಧದಷ್ಟು ವಾಕ್ಯಗಳನ್ನು ನೀವು ನಿಶ್ಚಿಂತೆಯಿಂದ ಹೊಡೆದುಹಾಕಬಹುದು. ದೇವನೂರ ಮಹಾದೇವರ ‘ಕುಸುಮಬಾಲೆ’ ಕಾದಂಬರಿಯಲ್ಲಿ ನಂಜನಗೂಡು ಸೀಮೆಯ ಆಡುಮಾತು ಸಂಭಾಷಣೆಯ ಗಡಿ ದಾಟಿ ನಿರೂಪಣೆಯನ್ನೂ ಹೊತ್ತಿದೆ. ಆಡುಮಾತಿಗೆ ಎಷ್ಟು ಕಸುವಿದೆ ಎಂದು ತಿಳಿಯಲು ಅದನ್ನು ಗಟ್ಟಿಯಾಗಿ ಓದಬೇಕು. ಆದರೆ ಅದರ ಧಾಟಿಯನ್ನು ಬೀದರಿನ ಪಾತ್ರಕ್ಕೆ ತೊಡಿಸಬಾರದು.

ಇದಕ್ಕೆ ಬೇಕಾದ ಅಭ್ಯಾಸ ಸರಳವಾದದ್ದು. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆಮನೆಯಲ್ಲಿ ಕಿವಿಗೆ ಬಿದ್ದ ಒಂದು ಮಾತನ್ನು, ಯಾರು ಯಾರಿಗೆ ಹೇಳಿದರು ಎಂಬುದರ ಸಮೇತ, ಅದೇ ದಿನ ಬರೆದಿಡಿ; ಮರುದಿನಕ್ಕೆ ಅದು ನಿಮ್ಮದೇ ಭಾಷೆಗೆ ಹೊರಳಿಬಿಡುತ್ತದೆ. ಕತೆಯ ಮೊದಲ ಕರಡು ಮುಗಿದ ಮೇಲೆ ಒಂದೊಂದು ಪಾತ್ರದ ಮಾತುಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿಕೊಂಡು ಗಟ್ಟಿಯಾಗಿ ಓದಿ. ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಗೆ ಹಾಕಿದರೂ ಏನೂ ಕೆಡುವುದಿಲ್ಲ ಎನ್ನಿಸಿದರೆ ಆ ಭಾಗವನ್ನು ಮತ್ತೆ ಬರೆಯಲೇಬೇಕು.

ಹೊಸಬರಲ್ಲಿ ಪದೇ ಪದೇ ಕಾಣುವ ಇನ್ನೊಂದು ದೋಷವೂ ಆಗ ಬಯಲಾಗುತ್ತದೆ. ‘ನಿನ್ನ ತಂಗಿ ಮೂರು ವರ್ಷದ ಹಿಂದೆ ಮದುವೆಯಾಗಿ ಹುಬ್ಬಳ್ಳಿಗೆ ಹೋದಳಲ್ಲ’ ಎಂದು ಗಂಡ ಹೆಂಡತಿಗೆ ಹೇಳುವುದು ಓದುಗನಿಗಾಗಿಯೇ ಹೊರತು ಹೆಂಡತಿಗಾಗಿ ಅಲ್ಲ. ಅಂಥ ಮಾಹಿತಿಯನ್ನು ನಿರೂಪಕನೇ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುವುದು ಲೇಸು.

ನಿಮ್ಮದಲ್ಲದ ಸೀಮೆಯ ಕತೆ ಬರೆದಿದ್ದರೆ ಪತ್ರಿಕೆಗೆ ಕಳುಹಿಸುವ ಮುನ್ನ ಆ ಕಡೆಯವರೊಬ್ಬರಿಗೆ ಓದಿ ಹೇಳಿ. ‘ನಮ್ಮಲ್ಲಿ ಹೀಗೆ ಅನ್ನುವುದಿಲ್ಲ’ ಎಂದು ಅವರು ತಡೆದಾಗ ಬದಲಿ ಪದವೊಂದನ್ನು ಕೇಳಿ ಸುಮ್ಮನಾಗದೆ, ಆ ವಯಸ್ಸಿನವರು ಅಂಥ ಸಂದರ್ಭದಲ್ಲಿ ಇಡೀ ಮಾತನ್ನು ಹೇಗೆ ಆಡುತ್ತಾರೆಂದು ಆಡಿ ತೋರಿಸಲು ಕೇಳಿಕೊಳ್ಳಿ.