ಕಲರ್ ಸಾರ್ಟರ್ ಒಳಗಿನ ಬೀಗ

ಗಂಗಾವತಿಯ ರೈಸ್ ಮಿಲ್‌ನಲ್ಲಿ ಕಲರ್ ಸಾರ್ಟರ್, ಅಂದರೆ ಬಣ್ಣ ನೋಡಿ ಕೆಟ್ಟ ಕಾಳು ಬೇರೆ ಮಾಡುವ ಯಂತ್ರ, ಕೈಕೊಟ್ಟರೆ ಎರಡೇ ದಾರಿ. ಕಂಪನಿಯ ಎಂಜಿನಿಯರ್ ಬರುವ ತನಕ ಕಾಯಬೇಕು. ಇಲ್ಲವೇ ಯಾರೋ ತಿದ್ದಿದ ಫರ್ಮ್‌ವೇರ್ ಹಾಕಿಸಬೇಕು. ಎರಡನೆಯದು ಸರಿಯಾ, ತಪ್ಪಾ? ಒಬ್ಬೊಬ್ಬರದು ಒಂದೊಂದು ಮಾತು.

ಫರ್ಮ್‌ವೇರ್ ಅಂದರೆ ಯಂತ್ರದ ಚಿಪ್‌ನಲ್ಲೇ ಕೂತು ಅದನ್ನು ನಡೆಸುವ ಪ್ರೋಗ್ರಾಂ. ಈ ಪದ 1967ರಷ್ಟು ಹಳೆಯದು. ಫರ್ಮ್‌ವೇರನ್ನು ಬಳಸುವವರೇ ಬದಲಿಸುವ ಅಭ್ಯಾಸಕ್ಕೆ ದೊಡ್ಡ ಬಲ ಬಂದಿದ್ದು ವೈಫೈ ರೂಟರ್‌ನಿಂದ. 2003ರಲ್ಲಿ ಲಿಂಕ್‌ಸಿಸ್ ಕಂಪನಿಯ ರೂಟರ್ ಒಂದರ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂನ ಮೂಲ ಬರಹ, ಹೊರಬಂತು. ಒಳಗಿದ್ದದ್ದು ಯಾರು ಬೇಕಾದರೂ ತಿದ್ದಿ ಬಳಸಬಹುದಾದ ಲಿನಕ್ಸ್. ಅದರ ಲೈಸೆನ್ಸ್ ಪ್ರಕಾರ ಕಂಪನಿ ಕೋಡ್ ಕೊಡಲೇಬೇಕಿತ್ತು.

ಸಾರ್ಟರ್‌ಗೆ ಆ ಭಾಗ್ಯ ಇಲ್ಲ. ಅಕ್ಕಿ ಜಾರಿ ಇಳಿಯುವಾಗ ಕ್ಯಾಮೆರಾ ಕಾಳುಕಾಳನ್ನೂ ನೋಡುತ್ತದೆ. ಕಪ್ಪು ಕಾಳು ಕಂಡರೆ ವಾಲ್ವ್ ಫಟ್ಟಂತ ಗಾಳಿ ಊದಿ ಹೊರಗೆ ತಳ್ಳುತ್ತದೆ. ಸೋನಾ ಮಸೂರಿ ಮುಗಿಸಿ ಬಾಯ್ಲ್ಡ್ ಅಕ್ಕಿ ಹಾಕಿದರೆ ಬಣ್ಣದ ಲೆಕ್ಕವೇ ಬೇರೆ. ಮೇಲಿನ ಮೆನು ಆಪರೇಟರ್‌ಗೆ ಸಿಗುತ್ತದೆ, ಒಳಗಿನದಕ್ಕೆ ಪಾಸ್‌ವರ್ಡ್. ದುಡ್ಡು ಕೊಟ್ಟು ತಂದವರಿಗೇ ಸಿಗದ ಪಾಸ್‌ವರ್ಡ್!

ಕಳೆದ ಹಂಗಾಮಿನಲ್ಲಿ ನಮ್ಮ ಸಾರ್ಟರ್ ಲೋಗೋ ತೋರಿಸಿ ಅಲ್ಲೇ ನಿಂತಿತು. ಹೊರಗೆ ಲಾರಿಗಳ ಸಾಲು. ಒಬ್ಬ ಹುಡುಗ ಬಂದು ಬೋರ್ಡ್ ಬಿಚ್ಚಿದ. ಎಂಟು ಕಾಲಿನ ಚಿಪ್‌ಗೆ ಕ್ಲಿಪ್ ಕಚ್ಚಿಸಿದ. ಚಿಪ್ ಓದಿ ಬರೆಯುವ ಸಾಧನಕ್ಕೆ ಪ್ರೋಗ್ರಾಮರ್ ಅಂತಾರೆ; ಅಗ್ಗದವುಗಳಲ್ಲಿ ಕೆಲವು 3.3 ವೋಲ್ಟ್ ಚಿಪ್‌ಗೆ 5 ವೋಲ್ಟ್ ಕಳಿಸಿಬಿಡುತ್ತವೆ. ತನ್ನದನ್ನು ಮೊದಲೇ ಸರಿಮಾಡಿಕೊಂಡಿದ್ದ. ಚಿಪ್‌ನಲ್ಲಿದ್ದದ್ದನ್ನು ಎರಡು ಸಲ ಓದಿಸಿ, ಎರಡೂ ಫೈಲ್ ಒಂದೇನಾ ಅಂತ ನೋಡಿದ. ‘ಹಳೇದರ ಕಾಪಿ ಇಲ್ದೆ ಹೊಸದು ಬರೀಬಾರ್ದು ಅಣ್ಣಾ’ ಅಂದ. ರಾತ್ರಿ 11ಕ್ಕೆ ವಾಲ್ವ್‌ಗಳು ಟಕಟಕ ಅಂದವು.

ಎಲ್ಲರೂ ಇಷ್ಟು ಜೋಪಾನ ಮಾಡಲ್ಲ. ಬೇರೆ ಮಾಡೆಲ್‌ನ ಫೈಲ್ ಸುಮ್ನೆ ತುಂಬಿದರೆ ಬೋರ್ಡೇ ಏಳದೇ ಹೋಗಬಹುದು. ವಾಲ್ವ್ ಟೈಮಿಂಗ್ ತಪ್ಪಿದರೆ ಒಳ್ಳೆ ಅಕ್ಕಿಯೂ ರಿಜೆಕ್ಟ್‌ಗೆ ಬೀಳುತ್ತದೆ.

ಕಾನೂನಿನ ಕಡೆ ನೋಡಿದರೆ, ಅಮೆರಿಕ 1998ರಲ್ಲಿ ಇಂಥ ಪಾಸ್‌ವರ್ಡ್‌ನಂಥ ಡಿಜಿಟಲ್ ಬೀಗ ಒಡೆಯುವುದನ್ನು ತಡೆಯಿತು. 2015ರಲ್ಲಿ ಟ್ರ್ಯಾಕ್ಟರ್ ರಿಪೇರಿಗೆ ವಿನಾಯಿತಿ ಕೊಟ್ಟಿತು. ನಮ್ಮಲ್ಲಿ 2012ರಲ್ಲಿ ಕಾಪಿರೈಟ್ ಕಾಯ್ದೆಗೆ 65ಎ ಕಲಂ ಸೇರಿತು. ಕಾಪಿರೈಟ್ ಹಕ್ಕು ಮೀರುವ ಉದ್ದೇಶದಿಂದ ಬೀಗ ಒಡೆದರೆ ಅದು ಅಪರಾಧ. ಕೆಟ್ಟ ಯಂತ್ರ ಓಡಿಸುವುದು ಆ ಉದ್ದೇಶ ಅಲ್ಲ ಅಲ್ವಾ? 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಕೆಲಸ ಶುರುಮಾಡಿದಾಗ ಆರಿಸಿಕೊಂಡ ವಿಭಾಗಗಳಲ್ಲಿ ಕೃಷಿ ಉಪಕರಣವೂ ಇತ್ತು. ಭತ್ತ ಹೊಲ ದಾಟಿ ಮಿಲ್ ಸೇರಿದ ಮೇಲಿನ ಯಂತ್ರಗಳಿಗೆ ಬೇರೆ ವಿಭಾಗ ಇರಲಿಲ್ಲ.

ಹುಡುಗ ತೆಗೆದುಕೊಟ್ಟ ಆ ಹಳೇ ಕಾಪಿ ಈಗ ಪೆನ್‌ಡ್ರೈವ್‌ನಲ್ಲಿದೆ. ಮಿಲ್‌ನ ಗಲ್ಲಾಪೆಟ್ಟಿಗೆಯಲ್ಲಿ, ರಸೀದಿ ಪುಸ್ತಕದ ಕೆಳಗೆ ಇಟ್ಟಿದ್ದೇವೆ.