ಬೆಳ್ಳಿಯಿಂದ ಸ್ಟೀಲಿಗೆ: ರೂಪಾಯಿ ನಾಣ್ಯ ಹಗುರಾದ ಬಗೆ

ಮುಂಬೈನ ಮಾಟುಂಗದ ಯಾವುದೇ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೈಯಾಡಿಸಿದರೂ ಒಂದು ರೂಪಾಯಿಯ ನಾಣ್ಯ ಎರಡು–ಮೂರು ಗಾತ್ರಗಳಲ್ಲಿ ಸಿಗುತ್ತದೆ. ಅವುಗಳಲ್ಲಿ ಕೆಲವು ಎರಡು ರೂಪಾಯಿಯ ನಾಣ್ಯದಂತೆಯೇ ಕಾಣುತ್ತವೆ. ಹತ್ತರ ನಾಣ್ಯವನ್ನು ಹಿಂದುಮುಂದು ತಿರುಗಿಸಿ, ‘ಇದು ನಡೆಯುತ್ತದೆಯೇ?’ ಎಂದು ಕೇಳುವ ಗಿರಾಕಿಗಳು ಇನ್ನೂ ಇದ್ದಾರೆ. ಇದನ್ನೆಲ್ಲ ಜನರ ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ಆದರೆ ನಾಣ್ಯದ ಲೋಹ ಬದಲಾಗುತ್ತಾ ಬಂದ ಚರಿತ್ರೆಯನ್ನು ನೋಡಿದರೆ ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ ಎನಿಸುತ್ತದೆ.

ಪೇಶ್ವೆಗಳ ಕಾಲದಲ್ಲಿ ಪುಣೆಯ ಅಂಕುಶಿ ರೂಪಾಯಿಯೂ ಸೇರಿದಂತೆ ಹತ್ತಾರು ಬಗೆಯ ರೂಪಾಯಿಗಳು ಚಲಾವಣೆಯಲ್ಲಿದ್ದವು. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಲು ಚಿನಿವಾರರಿಗೆ ವಟ್ಟ ಕೊಡಬೇಕಿತ್ತು. ಇದಕ್ಕೆ ಕೊನೆ ಹಾಡಲು ಬಂದದ್ದು 1835ರ ಕಾಯಿದೆ: ರೂಪಾಯಿ ಎಂದರೆ 180 ಗ್ರೇನ್, ಅಂದರೆ 11.66 ಗ್ರಾಂ ತೂಕ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಮುಂಬೈನ ಫೋರ್ಟ್‌ನಲ್ಲಿ ಟಂಕಸಾಲೆಯ ಕಟ್ಟಡ ಆ ಹೊತ್ತಿಗಾಗಲೇ ಎದ್ದು ನಿಂತಿತ್ತು. 1893ರವರೆಗೆ ವ್ಯಾಪಾರಿಗಳು ಬೆಳ್ಳಿ ಗಟ್ಟಿಯನ್ನು ಟಂಕಸಾಲೆಗೆ ತಂದು ರೂಪಾಯಿ ಮಾಡಿಸಿಕೊಳ್ಳಬಹುದಿತ್ತು. ಆ ವರ್ಷ ಆ ಬಾಗಿಲು ಮುಚ್ಚಿತು. ಅಲ್ಲಿಂದ ಮುಂದೆ ರೂಪಾಯಿಯ ಬೆಲೆಗೆ ಆಧಾರ ಅದರೊಳಗಿನ ಬೆಳ್ಳಿಯಲ್ಲ, ಸರ್ಕಾರದ ಮಾತು.

ಮಾತಿನ ಮೇಲೆ ನಿಂತ ನಾಣ್ಯಕ್ಕೆ ಇರುವ ಅಪಾಯ ಒಂದೇ. ಅದರ ಲೋಹದ ಬೆಲೆ ಮುಖಬೆಲೆಯನ್ನು ದಾಟಬಾರದು. ದಾಟಿದರೆ ನಾಣ್ಯ ಪೇಟೆಯಿಂದ ಮಾಯವಾಗಿ ಕುಲುಮೆಗೆ ಸೇರುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ತುಟ್ಟಿಯಾದಾಗ ಆದದ್ದು ಇದೇ. 1917ರಲ್ಲಿ ಒಂದು ರೂಪಾಯಿಯ ನೋಟು ಬಂತು. ಮರುವರ್ಷದಿಂದ ಎರಡಾಣೆ, ನಾಲ್ಕಾಣೆ, ಎಂಟಾಣೆಗಳನ್ನು ತಾಮ್ರ–ನಿಕ್ಕಲ್ ಬೆರಕೆಯಲ್ಲಿ ಅಚ್ಚು ಹಾಕಿದರು. ಎರಡನೆಯ ಯುದ್ಧದಲ್ಲಿ, 1940ರಲ್ಲಿ, ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು. ಉಳಿದರ್ಧ ತಾಮ್ರ, ನಿಕ್ಕಲ್ ಮತ್ತು ಸತು. ಯುದ್ಧಕಾಲದಲ್ಲಿ ಅಮೆರಿಕ ಕೊಟ್ಟಿದ್ದ ಸುಮಾರು 22 ಕೋಟಿ ಔನ್ಸ್ ಬೆಳ್ಳಿಯ ಸಾಲವನ್ನು ಬೆಳ್ಳಿಯಲ್ಲೇ ತೀರಿಸಬೇಕಿದ್ದುದರಿಂದ, 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇರಲಿಲ್ಲ. ಅದು ಪೂರ್ತಿ ನಿಕ್ಕಲ್.

ಸ್ವಾತಂತ್ರ್ಯಾನಂತರದ ನಾಲ್ಕು ದಶಕಗಳದ್ದು ಇದೇ ಕಥೆಯ ಮುಂದುವರಿಕೆ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು, ಆಣೆಯ ಲೆಕ್ಕ ಹೋಯಿತು. ಕಂಚಿನ ಪೈಸೆ ನಿಕ್ಕಲ್ ಹಿತ್ತಾಳೆಯಾಯಿತು, ಆಮೇಲೆ ಅಲ್ಯೂಮಿನಿಯಂ ಆಯಿತು. ಮುಕ್ಕಾಲು ಗ್ರಾಮಿನ ಆ ಅಲ್ಯೂಮಿನಿಯಂ ಪೈಸೆಯನ್ನು ಲೋಟದ ನೀರಿನ ಮೇಲೆ ಮೆಲ್ಲಗೆ ಇಟ್ಟರೆ ತೇಲುತ್ತಿತ್ತು. 1975ರಲ್ಲಿ ರೂಪಾಯಿಯೂ ನಿಕ್ಕಲ್ ಬಿಟ್ಟು ತಾಮ್ರ–ನಿಕ್ಕಲ್‌ಗೆ ಇಳಿಯಿತು. ನಾಣ್ಯ ಕರಗಿಸುವುದನ್ನು ತಡೆಯಲು 1971ರಲ್ಲೇ ಚಿಲ್ಲರೆ ನಾಣ್ಯಗಳ ಅಪರಾಧ ಕಾಯಿದೆ ಬಂದಿತ್ತು. ಆದರೂ ಕಾಯಿದೆಗಿಂತ ಕಾಸಿನ ಲೆಕ್ಕವೇ ಮೇಲಾಯಿತು.

ಆಮೇಲೆ ಬಂದದ್ದು ಸ್ಟೀಲ್. 1988ರಲ್ಲಿ ಹತ್ತು, ಇಪ್ಪತ್ತೈದು, ಐವತ್ತು ಪೈಸೆಗಳು, 1992ರಲ್ಲಿ ಒಂದು ರೂಪಾಯಿ. ನಂಬಿಕೆ ಬಾರದವರು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ತಂದು ನೋಡಬಹುದು. 1990ರ ರೂಪಾಯಿ ಅದಕ್ಕೆ ಅಂಟುವುದಿಲ್ಲ, 1992ರ ಸ್ಟೀಲಿನದು ಟಕ್ಕೆಂದು ಅಂಟುತ್ತದೆ. ಕಬ್ಬಿಣದ ಜೊತೆ ನೂರಕ್ಕೆ ಸುಮಾರು 17 ಪಾಲು ಕ್ರೋಮಿಯಂ ಇರುವ ಸ್ಟೀಲ್ ಅದು. ತುಕ್ಕು ಹಿಡಿಯದು, ಕರಗಿಸಿದರೆ ಲಾಭವೂ ಇಲ್ಲ. ಟಂಕಸಾಲೆಗೆ ಮಾತ್ರ ಕೆಲಸ ಕಷ್ಟವಾಯಿತು. ಸ್ಟೀಲ್ ತಾಮ್ರದ ಬೆರಕೆಯಷ್ಟು ಮೆತ್ತಗಿರದ ಕಾರಣ ಒತ್ತಡ ಹೆಚ್ಚು ಬೇಕು, ಅಚ್ಚು ಬೇಗ ಸವೆಯುತ್ತದೆ, ಚಿತ್ರದ ಉಬ್ಬನ್ನು ತಗ್ಗಿಸಬೇಕಾಗುತ್ತದೆ. ಹೊಸ ನಾಣ್ಯಗಳು ಚಪ್ಪಟೆಯಾಗಿ ಕಾಣಲು ಇದೂ ಒಂದು ಕಾರಣ. ಇಸವಿಯ ಕೆಳಗೆ ಮುಂಬೈ ಟಂಕಸಾಲೆ ಒತ್ತುವ ವಜ್ರಾಕಾರದ ಗುರುತನ್ನು ಓದಲು ಈಗ ಬೆಳಕಿಗೆ ಹಿಡಿಯಬೇಕು.

ಎರಡು ಮತ್ತು ಐದು ರೂಪಾಯಿಗಳು ಇನ್ನೂ ತಾಮ್ರ–ನಿಕ್ಕಲ್‌ನಲ್ಲೇ ಉಳಿದಿದ್ದವು. 2007ರ ಮೇ ತಿಂಗಳಲ್ಲಿ ಜಗತ್ತಿನ ಪೇಟೆಯಲ್ಲಿ ನಿಕ್ಕಲ್ ಟನ್ನಿಗೆ 50,000 ಡಾಲರ್ ದಾಟಿತು. ಒಂಬತ್ತು ಗ್ರಾಮಿನ ಐದರ ನಾಣ್ಯದಲ್ಲಿ ಕಾಲು ಪಾಲು ನಿಕ್ಕಲ್, ಮುಕ್ಕಾಲು ತಾಮ್ರ. ಲೆಕ್ಕ ಹಾಕಿದರೆ ಅದರ ಲೋಹದ ಬೆಲೆಯೇ ಐದು ರೂಪಾಯಿಗಿಂತ ಹೆಚ್ಚು! ಹನ್ನೊಂದು ಮೂಲೆಯ ಹಳೆಯ ಎರಡು ರೂಪಾಯಿಯದಂತೂ ಮುಖಬೆಲೆಯ ದುಪ್ಪಟ್ಟಿನಾಚೆ. ನಮ್ಮ ನಾಣ್ಯಗಳು ಗಡಿಯಾಚೆ ಬಾಂಗ್ಲಾದೇಶಕ್ಕೆ ಸಾಗಿ ಅಲ್ಲಿ ಬ್ಲೇಡ್ ಆಗುತ್ತಿವೆ ಎಂಬ ಸುದ್ದಿ ಆಗ ಪತ್ರಿಕೆಗಳ ತುಂಬ ಓಡಾಡಿತು. ಬ್ಲೇಡಿಗೆ ಬೇಕಾದದ್ದು ಹದ ಮಾಡಬಲ್ಲ ಉಕ್ಕು. ತಾಮ್ರ–ನಿಕ್ಕಲ್‌ನಲ್ಲಿ ಗಡ್ಡ ಹೆರೆಯುವುದು ಹೇಗೆಂದು ಯಾರಾದರೂ ಒಮ್ಮೆ ಕೇಳಬೇಕಿತ್ತು. ಕರಗಿಸಿದವರು ಇದ್ದಿರಬಹುದು, ಅವರ ಕಣ್ಣು ಮಾತ್ರ ನಿಕ್ಕಲ್ ಮೇಲಿತ್ತೆಂದು ಹೇಳುವುದು ಹೆಚ್ಚು ಸರಿ.

ಮುಂಬೈನ ಹೋಟೆಲುಗಳಲ್ಲಿ ಆ ವರ್ಷಗಳ ಪಾಡನ್ನು ಕ್ಯಾಶಿಯರುಗಳನ್ನೇ ಕೇಳಬೇಕು. ಚಹಾದ ಬಿಲ್ಲಿಗೆ ಚಿಲ್ಲರೆಯಿಲ್ಲದೆ ಚಾಕೊಲೇಟು ಕೊಟ್ಟವರು, ಹೋಟೆಲಿನ ಹೆಸರು ಬರೆದ ಚೀಟಿ ಹರಿದುಕೊಟ್ಟವರು, ವಟ್ಟ ತೆತ್ತು ಚಿಲ್ಲರೆಯ ಚೀಲ ತಂದವರು ಅವರೇ. ಚಿನಿವಾರರ ಕಾಲಕ್ಕೇ ಮುಗಿದಿದೆ ಎಂದುಕೊಂಡಿದ್ದ ವಟ್ಟ ಹೀಗೆ ಮರಳಿ ಬಂದಿತ್ತು. ಬದಲಿಗೆ ಬಂದ ಸ್ಟೀಲಿನ ಎರಡು ರೂಪಾಯಿಗೆ ಮೂಲೆಗಳೇ ಇರಲಿಲ್ಲ. ದುಂಡಗಿನ ಅದಕ್ಕೂ 25 ಮಿಲಿಮೀಟರಿನ ಒಂದು ರೂಪಾಯಿಗೂ ಅಗಲದಲ್ಲಿ ಒಂದೆರಡು ಮಿಲಿಮೀಟರಿನ ಅಂತರ, ಬಣ್ಣ ಒಂದೇ. ಸಂಜೆಯ ಗದ್ದಲದಲ್ಲಿ ಬೆರಳಿನ ಗುರುತಿನಿಂದಲೇ ಚಿಲ್ಲರೆ ಎಣಿಸುತ್ತಿದ್ದ ಕೈಗಳು ತಡವರಿಸಿದವು. ಕಣ್ಣು ಕಾಣದವರಿಗೆ ಆದ ತೊಂದರೆ ಇನ್ನೂ ದೊಡ್ಡದು. ಲೋಹದ ಖರ್ಚು ಉಳಿಯಿತೇನೋ ಸರಿ, ಬಳಸುವವರ ಕೈಯನ್ನು ಕೇಳಿ ಮಾಡಿದ ಬದಲಾವಣೆ ಅದಾಗಿರಲಿಲ್ಲ.

ಐದರ ನಾಣ್ಯ 2007ರಲ್ಲಿ ಆರು ಗ್ರಾಮಿನ ಸ್ಟೀಲಾಯಿತು, 2009ರಲ್ಲಿ ಹಳದಿ ನಿಕ್ಕಲ್ ಹಿತ್ತಾಳೆಯಾಯಿತು. 2011ರಲ್ಲಿ ಇಡೀ ಸರಣಿಯ ಗಾತ್ರ ಮತ್ತೆ ಬದಲಾಯಿತು; ಅದೇ ವರ್ಷ ನಾಲ್ಕಾಣೆ ಮತ್ತು ಅದರ ಕೆಳಗಿನವು ರದ್ದಾದವು, ನಾಣ್ಯ ಕರಗಿಸಿದವರಿಗೆ ಏಳು ವರ್ಷದವರೆಗೆ ಸೆರೆವಾಸ ವಿಧಿಸುವ ಹೊಸ ಕಾಯಿದೆ ಬಂತು. ಎರಡು ಲೋಹಗಳ ಹತ್ತು ರೂಪಾಯಿಯಂತೂ ಎಷ್ಟು ವೇಷ ತೊಟ್ಟಿತೆಂದರೆ, ಹದಿನಾಲ್ಕೂ ವಿನ್ಯಾಸಗಳು ನಡೆಯುತ್ತವೆ ಎಂದು 2018ರಲ್ಲಿ ರಿಸರ್ವ್ ಬ್ಯಾಂಕೇ ಹೇಳಬೇಕಾಯಿತು. ಕಣ್ಣು ಕಾಣದವರಿಗೆ ಅನುಕೂಲವಾಗುವ ಸರಣಿ ಪ್ರಕಟವಾದದ್ದು 2019ರಲ್ಲಿ. ಇಪ್ಪತ್ತರ ನಾಣ್ಯಕ್ಕೆ ಹನ್ನೆರಡು ಮೂಲೆಗಳು. ಮೂಲೆಯ ಉಪಯೋಗ ಅಷ್ಟು ಹೊತ್ತಿಗೆ ನೆನಪಾಗಿತ್ತು.

ಮುಂಬೈ ಟಂಕಸಾಲೆ ಮಾಹಿತಿ ಹಕ್ಕಿನಡಿ 2018ರಲ್ಲಿ ಕೊಟ್ಟ ಲೆಕ್ಕದಂತೆ, ಒಂದು ರೂಪಾಯಿಯ ನಾಣ್ಯಕ್ಕೆ ತಗಲುತ್ತಿದ್ದ ಖರ್ಚು 1 ರೂಪಾಯಿ 11 ಪೈಸೆ. ಹತ್ತರ ನಾಣ್ಯಕ್ಕೆ 5 ರೂಪಾಯಿ 54 ಪೈಸೆ. 2019ರ ಸರಣಿಯಲ್ಲಿ ಒಂದು ರೂಪಾಯಿ 3.09 ಗ್ರಾಮಿಗೆ ಇಳಿಯಿತು. ಈಗ ಅದನ್ನು ಕರಗಿಸುವವರಿಲ್ಲ. ನಾಣ್ಯ ಒಂದು ಕಡೆ ರಾಶಿ ಬಿದ್ದು ಇನ್ನೊಂದು ಕಡೆ ಸಿಗದಿರುವುದು ಈಗಿನ ತಾಪತ್ರಯ. ಅದಕ್ಕೆಂದು ಮೊಬೈಲಿನಿಂದ ಹಣ ಕಟ್ಟಿ ಚಿಲ್ಲರೆ ಪಡೆಯುವ ಯಂತ್ರಗಳನ್ನು 12 ನಗರಗಳ 19 ಕಡೆ ಪ್ರಯೋಗಕ್ಕೆ ಇಡುವುದಾಗಿ ರಿಸರ್ವ್ ಬ್ಯಾಂಕ್ 2023ರ ಫೆಬ್ರುವರಿಯಲ್ಲಿ ಪ್ರಕಟಿಸಿತು.