ಬೇಡಿಕೆ ಪಟ್ಟಿಯ ಹನ್ನೊಂದನೇ ಸಾಲು

ಯಾವ ಯೂನಿಯನ್ ಆಫೀಸಿಗೆ ಹೋದರೂ ನಾನು ಮೊದಲು ಎರಡು ಕಾಗದ ಕೇಳುತ್ತೇನೆ. ಒಂದು, ಮ್ಯಾನೇಜ್‌ಮೆಂಟ್‌ಗೆ ಕೊಟ್ಟ ಬೇಡಿಕೆ ಪಟ್ಟಿ. ಇನ್ನೊಂದು, ಕೊನೆಗೆ ಸಹಿಯಾದ ಒಪ್ಪಂದ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಅಲ್ಲಿ ಯಾರ ಮಾತು ನಡೆಯುತ್ತದೆ ಅನ್ನೋದು ತಿಳಿಯುತ್ತದೆ. ಗೋಡೆ ಮೇಲಿನ ಪದಾಧಿಕಾರಿಗಳ ಫೋಟೋ ನೋಡಬೇಕಾಗಿಲ್ಲ.

ಒಂದು ಕಾರ್ಖಾನೆಯ ಪಟ್ಟಿ ಇನ್ನೂ ನೆನಪಿದೆ. ಒಟ್ಟು ಹನ್ನೊಂದು ಬೇಡಿಕೆ. ಮೊದಲನೆಯದು ಸಂಬಳ, ಎರಡನೆಯದು ಓಟಿ, ಮೂರನೆಯದು ಬಡ್ತಿ. ಕೊನೆಯ ಸಾಲಿನಲ್ಲಿ, ರಾತ್ರಿ ಪಾಳಿಯ ಹೆಂಗಸರಿಗೆ ಬಟ್ಟೆ ಬದಲಿಸುವ ಕೋಣೆ ಮತ್ತು ಮನೆ ತನಕ ವಾಹನ. ಒಪ್ಪಂದದಲ್ಲಿ ಎಂಟು ಉಳಿದಿದ್ದವು. ಹನ್ನೊಂದನೆಯದು ಇರಲಿಲ್ಲ. ಕೇಳಿದರೆ ಕಾರ್ಯದರ್ಶಿ ಹೇಳಿದರು: "ಮೇಡಂ, ಮಾತುಕತೆ ಅಂದಮೇಲೆ ಏನಾದರೂ ಬಿಟ್ಟುಕೊಡಬೇಕಲ್ವಾ?" ನಿಜವೇ. ಆದರೆ ಮಾತುಕತೆಗೆ ಕೂತ ಐದು ಜನರಲ್ಲಿ ಒಬ್ಬರೂ ರಾತ್ರಿ ಪಾಳಿಯವರಲ್ಲ. ತಮ್ಮದಲ್ಲದ್ದನ್ನು ಬಿಟ್ಟುಕೊಡೋದು ಎಷ್ಟು ಸಲೀಸು!

ಹೀಗಾಗೋದಕ್ಕೆ ಯಾರೋ ಕೆಟ್ಟವರೇ ಆಗಿರಬೇಕು ಅಂತೇನಿಲ್ಲ. ಎಷ್ಟೋ ಸಲ ತೊಂದರೆ ಇರೋದು ಚುನಾವಣೆ ನಡೆಸುವ ರೀತಿಯಲ್ಲಿ. 900 ಸದಸ್ಯರ ಸಂಘ, ಸಮಿತಿಗೆ 9 ಸೀಟು ಅಂತ ಇಟ್ಟುಕೊಳ್ಳಿ. ಪ್ರತಿಯೊಬ್ಬರೂ ಒಂಬತ್ತು ಮತ ಹಾಕಬಹುದು. 500 ಜನ ಒಂದೇ ಪ್ಯಾನೆಲ್‌ಗೆ ಹಾಕಿದರೆ ಒಂಬತ್ತೂ ಸೀಟು ಅವರಿಗೇ. ಉಳಿದ 400 ಜನರಿಗೆ ಸೊನ್ನೆ. ಚಂದಾ ಮಾತ್ರ ಎಲ್ಲರಿಂದಲೂ ಸಮಾನವಾಗಿ ವಸೂಲಾಗುತ್ತದೆ!

ಇದನ್ನೇ ಪ್ರಾಶಸ್ತ್ಯದ ಮತಕ್ಕೆ ಬದಲಾಯಿಸಿ ನೋಡಿ. ಅಂದರೆ 1, 2, 3 ಅಂತ ಇಷ್ಟದ ಕ್ರಮದಲ್ಲಿ ಗುರುತು ಹಾಕೋದು, ಗೆಲ್ಲೋಕೆ ಬೇಕಾದದ್ದಕ್ಕಿಂತ ಹೆಚ್ಚಾದ ಮತ ಮುಂದಿನವರಿಗೆ ವರ್ಗವಾಗೋದು. ಆಗ 91 ಮತ ಸಿಕ್ಕವರು ಗೆದ್ದಂತೆಯೇ, ಯಾಕಂದರೆ 900 ಮತದಲ್ಲಿ ಹತ್ತು ಜನರಿಗೆ ತಲಾ 91 ಸಿಗೋಕೆ ಸಾಧ್ಯವಿಲ್ಲ. ಆ 400 ಜನ ತಮ್ಮವರಿಗೇ ಗುರುತು ಹಾಕಿದರೆ ನಾಲ್ಕು ಸೀಟು ಬರುತ್ತದೆ, 500 ಜನರಿಗೆ ಐದು. ಎಣಿಸೋದು ಸ್ವಲ್ಪ ತಲೆನೋವು, ಒಪ್ಪುತ್ತೇನೆ. ಅದು ಬೇಡವಾದರೆ ಪಾಳಿವಾರು, ವಿಭಾಗವಾರು ಸೀಟು ಹಂಚಿ. ಅದೂ ನಡೆಯುತ್ತದೆ.

ಮೀಸಲು ಸೀಟಿನ ಬಗ್ಗೆ ಜಗಳ ಜಾಸ್ತಿ. ಇರಬೇಕೋ ಬೇಡವೋ ಅಂತಲೇ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಆ ಸೀಟಿಗೆ ಮತ ಹಾಕೋರು ಯಾರು? ಎಲ್ಲರೂ ಹಾಕಿದರೆ, ಬಹುಮತದವರು ತಮಗೆ ಎದುರಾಡದವರನ್ನೇ ಆರಿಸಿಕೊಳ್ಳುತ್ತಾರೆ. ಸಂಬಂಧಪಟ್ಟವರು ಮಾತ್ರ ಹಾಕಿದರೆ, ಗೆದ್ದವರು ಅವರಿಗೇ ಲೆಕ್ಕ ಕೊಡಬೇಕಾಗುತ್ತದೆ. ಮೊದಲ ಬಗೆಯಲ್ಲಿ ಗೆದ್ದುಬಂದವರ ಕೈಗೆ ಮಿನಿಟ್ಸ್ ಪುಸ್ತಕ ಕೊಟ್ಟು ಕೂರಿಸಿದ್ದನ್ನು ತುಂಬಾ ಕಡೆ ಕಂಡಿದ್ದೇನೆ. ಅಕ್ಷರ ಚೆನ್ನಾಗಿದೆ ಅನ್ನೋದು ನೆಪ. ಬರೆಯುತ್ತಾ ಕೂತವರು ಮಾತಾಡೋದು ಯಾವಾಗ?

1993ರಲ್ಲಿ ಬ್ರಿಟನ್ನಿನಲ್ಲಿ ಸಾರ್ವಜನಿಕ ಸೇವೆಯ ನೌಕರರ ಮೂರು ಸಂಘಗಳು ಸೇರಿ ಯೂನಿಸನ್ ಅನ್ನೋ ಒಂದೇ ಸಂಘ ಆದಾಗ, ಸಮಿತಿಯಲ್ಲಿ ಯಾರು ಇರಬೇಕು ಅನ್ನೋದನ್ನು ನಿಯಮದಲ್ಲೇ ಬರೆದುಕೊಂಡವು. ಸದಸ್ಯರಲ್ಲಿ ಹೆಂಗಸರು ಎಷ್ಟಿದ್ದಾರೋ ಸಮಿತಿಗಳಲ್ಲೂ ಅದೇ ಪ್ರಮಾಣದಲ್ಲಿ ಇರಬೇಕು. ರಾಷ್ಟ್ರೀಯ ಸಮಿತಿಯಲ್ಲಿ ಕಡಿಮೆ ಸಂಬಳದ ಹೆಂಗಸರಿಗೆ ಅಂತಲೇ ಬೇರೆ ಸೀಟು. ನನಗೆ ಹಿಡಿಸಿದ್ದು ಈ ಎರಡನೆಯದು. ಹೆಂಗಸರ ಕೋಟಾ ಅಂತಷ್ಟೇ ಬಿಟ್ಟರೆ ಆಫೀಸರ್ ದರ್ಜೆಯವರೇ ಬಂದು ಕೂರುವ ಸಾಧ್ಯತೆ ಇದ್ದೇ ಇದೆ.

ಇದೆಲ್ಲ ಸುಮ್ನೆ ಒಳ್ಳೆತನದ ಮಾತು ಅಂದುಕೊಳ್ಳುವವರಿಗೆ ನಾನು ಹೇಳೋದು ಸ್ಟೀಲ್ ಅವರ ಕಥೆ. ಅಮೆರಿಕದ ರೈಲ್ವೆಯಲ್ಲಿ, ಎಂಜಿನ್ನಿನ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಆಗಿದ್ದ ಕಪ್ಪು ಜನಾಂಗದವರು. ಕಾನೂನಿನ ಪ್ರಕಾರ ಅವರ ಪರವಾಗಿ ಮಾತಾಡಬೇಕಾದ ಸಂಘ ಕಪ್ಪು ಜನರಿಗೆ ಸದಸ್ಯತ್ವವನ್ನೇ ಕೊಡುತ್ತಿರಲಿಲ್ಲ. ಸಾಲದ್ದಕ್ಕೆ 1941ರಲ್ಲಿ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ಆ ಕೆಲಸದಲ್ಲಿ ಕಪ್ಪು ಜನರ ಪಾಲು ಅರ್ಧ ದಾಟದಂತೆ ಮಾಡಲು ಹೊರಟಿತು. ಸ್ಟೀಲ್ ಒಳ್ಳೆಯ ಕೆಲಸ ಕಳೆದುಕೊಂಡು ಹೆಚ್ಚು ಕಷ್ಟದ, ಕಡಿಮೆ ಸಂಬಳದ ಕೆಲಸಕ್ಕೆ ಹೋಗಬೇಕಾಯಿತು. 1944ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಎಲ್ಲರ ಪರ ಮಾತಾಡುವ ಅಧಿಕಾರ ಪಡೆದ ಸಂಘ, ಸದಸ್ಯರಲ್ಲದವರ ಪರವಾಗಿಯೂ ಭೇದವಿಲ್ಲದೆ ಮಾತಾಡಬೇಕು ಅಂದಿತು. ಆದರೆ ಸದಸ್ಯತ್ವ ಕೊಡಲೇಬೇಕು ಅಂತ ಅನ್ನಲಿಲ್ಲ. ಒಳಗೆ ಕೂರಿಸಿಕೊಳ್ಳದೆ ಇನ್ನೊಬ್ಬರ ಪರ ಹೇಗೆ ಮಾತಾಡುತ್ತಾರೋ ನನಗಂತೂ ಅರ್ಥವಾಗಿಲ್ಲ.

ಇನ್ನೊಂದು ವಿಷಯ ಯಾರ ಕಣ್ಣಿಗೂ ಬೀಳೋದಿಲ್ಲ. ಶೇಕಡಾ ಲೆಕ್ಕದ ಸಂಬಳ ಏರಿಕೆ. "ಎಲ್ಲರಿಗೂ ಶೇ 10" ಅಂದರೆ ಸಮಾನ ಅನಿಸುತ್ತದೆ, ಅಲ್ವಾ? ನೂರು ಪಡೆಯುವವರಿಗೆ ಹತ್ತು ಸಿಗುತ್ತದೆ, ಮುನ್ನೂರು ಪಡೆಯುವವರಿಗೆ ಮೂವತ್ತು. ಮೊದಲು ಇನ್ನೂರು ಇದ್ದ ಅಂತರ ಈಗ ಇನ್ನೂರಿಪ್ಪತ್ತು. ಎಲ್ಲರಿಗೂ ಇಪ್ಪತ್ತು ಅಂತ ಕೇಳಿದರೆ ಅಂತರ ಬೆಳೆಯೋದಿಲ್ಲ. ಕೆಳಗಿನವರು ಸಮಿತಿಯಲ್ಲಿ ಇಲ್ಲದಿದ್ದರೆ ಈ ಎರಡನೇ ಲೆಕ್ಕ ಹಾಕುವವರೇ ಇರೋದಿಲ್ಲ.

ಸಭೆಯ ಸಮಯ ಅಂತೂ ಹೇಳಲೇಬೇಕಾಗಿಲ್ಲ. ಹಗಲು ಪಾಳಿ ಮುಗಿದ ಮೇಲೆ ಸಭೆ ಇಟ್ಟರೆ ರಾತ್ರಿಯವರು ಆಗ ತಾನೇ ಗೇಟಿನೊಳಗೆ ಬರುತ್ತಿರುತ್ತಾರೆ.

ಆ ಕಾರ್ಖಾನೆಗೆ ಮುಂದಿನ ಒಪ್ಪಂದದ ಹೊತ್ತಿಗೆ ಮತ್ತೆ ಹೋಗಿದ್ದೆ. ಬೈಲಾ ಬದಲಾಯಿಸಲು ಹಿರಿಯರು ಒಪ್ಪಿರಲಿಲ್ಲ. ಒಂದು ಠರಾವು ಮಾತ್ರ ಪಾಸಾಗಿತ್ತು. ಯಾರ ಬೇಡಿಕೆಯನ್ನು ಕೈಬಿಡುತ್ತೀರೋ ಅವರಲ್ಲಿ ಒಬ್ಬರು ಆ ಹೊತ್ತಿಗೆ ಅದೇ ಕೋಣೆಯಲ್ಲಿ ಇರಬೇಕು, ಅಷ್ಟೇ. ರಾತ್ರಿ ಪಾಳಿಯಿಂದ ಪ್ಯಾಕಿಂಗ್ ವಿಭಾಗದ ಒಬ್ಬ ಹೆಣ್ಣುಮಗಳು ಹೋಗಿದ್ದರಂತೆ. ಹನ್ನೊಂದನೇ ಸಾಲು ನಾಲ್ಕಕ್ಕೆ ಬಂದಿತ್ತು. ವಾಹನ ಸಿಕ್ಕಿತು. ಬಟ್ಟೆ ಬದಲಿಸುವ ಕೋಣೆಗೆ ಇನ್ನೂ ಜಾಗ ಹುಡುಕುತ್ತಿದ್ದಾರೆ.